ನಿಂತ ನೆಲ, ಓಡುವ ನೋಟ

ಅಲ್ಲಾಡದೆ ನಿಂತವರು ಯಾರೂ ಇಲ್ಲ. ಚಿತ್ರದುರ್ಗ ಜಿಲ್ಲೆಯ ತುರುವನೂರಿನ ಶಾಲೆಯ ಬಯಲಲ್ಲಿ ಆಗಸ್ಟ್ 15ರ ಬೆಳಿಗ್ಗೆ ‘ಸಾವಧಾನ್’ ಅಂದೊಡನೆ ಸೆಟೆದು ನಿಲ್ಲುವ ಹುಡುಗನ ಮೈಯೂ ಹಿಂದಕ್ಕೂ ಮುಂದಕ್ಕೂ ಸಣ್ಣಗೆ ಓಲಾಡುತ್ತಲೇ ಇರುತ್ತದೆ. ಭಾರ ಅಳೆಯುವ ಹಲಗೆಯ ಮೇಲೆ ಅವನನ್ನು ನಿಲ್ಲಿಸಿದರೆ ಆ ಓಲಾಟ ಗೆರೆಯಾಗಿ ಮೂಡುತ್ತದೆ. ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಚಿಕ್ಕದು. ಒಮ್ಮೆ ಹೋಗಿ ಬರಲು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯುವಷ್ಟು ನಿಧಾನದ್ದು. ಮನುಷ್ಯನ ಮೈಭಾರದ ಕೇಂದ್ರ ಸೊಂಟದ ಮಟ್ಟದಲ್ಲಿದೆ, ಅದನ್ನು ಹೊತ್ತ ಪಾದವೋ ಗೇಣಿಗಿಂತ ತುಸು ಉದ್ದ. ಮೀನಖಂಡದ ಸ್ನಾಯುಗಳು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು ಆ ಭಾರ ಪಾದದ ಆಚೆ ಜಾರದಂತೆ ನೋಡಿಕೊಳ್ಳುತ್ತವೆ. ನಿಂತವನಿಗೆ ಇದರ ಸುಳಿವೇ ಇರುವುದಿಲ್ಲ.

ಮೈ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವವರು ಮೂವರು. ಅಂಗಾಲಿನ ಚರ್ಮವೂ ಕೀಲು-ಸ್ನಾಯುಗಳೂ ಸೇರಿ ಒಬ್ಬರು, ಒಳಗಿವಿಯ ನಾಳಗಳೂ ಅಲ್ಲಿನ ಸುಣ್ಣದ ಹರಳುಗಳೂ ಸೇರಿ ಇನ್ನೊಬ್ಬರು, ಮೂರನೆಯದು ಕಣ್ಣು. ಊರ ಪಂಚಾಯ್ತಿಕಟ್ಟೆಯಲ್ಲಿ ಮೂರು ಸಾಕ್ಷಿ ಕರೆಸಿದ ಹಾಗೆ ಈ ವ್ಯವಹಾರ. ಮೂವರೂ ಒಂದೇ ಮಾತಾಡಿದರೆ ತಂಟೆಯಿಲ್ಲ. ಮಾತು ಬೇರೆಯಾದರೆ ಯಾರ ಮಾತಿಗೆ ಎಷ್ಟು ಬೆಲೆ ಎಂದು ತೂಗಬೇಕಾಗುತ್ತದೆ. ಕಳೆದ ನೂರೈವತ್ತು ವರ್ಷಗಳ ಸಂಶೋಧನೆ ಮೂರನೆಯ ಸಾಕ್ಷಿಯ ಬಗ್ಗೆ ಹೊರಗೆಡವಿದ ಸಂಗತಿ ವಿಚಿತ್ರವಾಗಿದೆ. ಎಲ್ಲಕ್ಕಿಂತ ಚುರುಕಾದದ್ದೂ ಅದೇ, ಎಲ್ಲಕ್ಕಿಂತ ಸುಲಭವಾಗಿ ಮೋಸಹೋಗುವುದೂ ಅದೇ. ಎದುರಿನ ದೃಶ್ಯ ಚಲಿಸಿದರೆ, ದೃಶ್ಯವಲ್ಲ ತಾನೇ ಚಲಿಸಿದೆ ಎಂದು ಕಣ್ಣು ಹೇಳಿಬಿಡುತ್ತದೆ. ಮೈ ಅದನ್ನು ನಂಬುತ್ತದೆ.

ಎಷ್ಟರ ಮಟ್ಟಿಗೆ ನಂಬುತ್ತದೆ ಎಂಬುದು ಎಲ್ಲರಿಗೂ ಒಂದೇ ಅಲ್ಲ. ಈ ಲೇಖನದ ಗಮನ ಇರುವುದು ಅದರ ಮೇಲೆ.

ಮೊದಲು ನೀರಿನಿಂದ ಶುರುಮಾಡೋಣ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ, ನಮ್ಮ ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿದ ಜಲಾಶಯ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ತರುವಾಯ. ಆ ಮಳೆಗಾಲದಲ್ಲಿ ಜಿಲ್ಲೆಯ ಮೂಲೆಮೂಲೆಯಿಂದ ಜನ ಗಾಡಿ ಕಟ್ಟಿಕೊಂಡು ನೀರು ನೋಡಲು ಹೋದರು. ಹರಿಯುವ ನೀರಿನ ಅಂಚಿನಲ್ಲಿ ನಿಂತು, ನೀರನ್ನೇ ಎವೆಯಿಕ್ಕದೆ ನೋಡಿದರೆ ಕೆಲವು ಸೆಕೆಂಡುಗಳಲ್ಲಿ ನೀರು ನಿಂತುಹೋದಂತಾಗಿ, ತಾವೇ ಮೇಲುಗಡೆಗೆ ಸಾಗುತ್ತಿರುವಂತೆ ಅನ್ನಿಸುತ್ತದೆ. ಕಾಲು ತಾನೇ ಒಂದು ಹೆಜ್ಜೆ ಸರಿಯುತ್ತದೆ. ಮಕ್ಕಳ ರಟ್ಟೆ ಹಿಡಿದು ಹಿರಿಯರು ಹಿಂದಕ್ಕೆ ಎಳೆಯುವುದು ನೀರಿನ ಸೆಳೆತಕ್ಕೆ ಅಂಜಿ. ನೋಟದ ಸೆಳೆತವೂ ಅದರಲ್ಲಿ ಕೂಡಿದೆ.

ಆಸ್ಟ್ರಿಯಾದ ಭೌತವಿಜ್ಞಾನಿ ಎರ್ನ್‌ಸ್ಟ್ ಮಾಖ್ 19ನೆಯ ಶತಮಾನದಲ್ಲಿ ವರ್ಣಿಸಿದ್ದು ಇದನ್ನೇ: ಸೇತುವೆಯ ಮೇಲೆ ನಿಂತು ಹೊಳೆ ನೋಡುವವನಿಗೆ ಸೇತುವೆಯೂ ತಾನೂ ಒಟ್ಟಿಗೆ ತೇಲಿಹೋದಂತೆ ತೋರುವ ಪರಿ. ವಿಮಾನದ ವೇಗಕ್ಕೆ ಈಗಲೂ ಅವನ ಹೆಸರು ಅಂಟಿಕೊಂಡಿದೆ. ಅವನು ನೋಡಿ ಸುಮ್ಮನಾಗಲಿಲ್ಲ. ಉರುಳೆಗಳ ಮೇಲೆ ಚಿತ್ತಾರದ ಬಟ್ಟೆ ಓಡಿಸಿ, ಕೋಣೆಯೊಳಗೇ ಅದೇ ಅನುಭವವನ್ನು ಹುಟ್ಟಿಸಿದ. ಈ ಚಲನಭ್ರಮೆಗೆ ಹೊಳೆ ಬೇಕಿಲ್ಲ, ಚಿಕ್ಕಜಾಜೂರು ಜಂಕ್ಷನ್ನೂ ಸಾಕು. ನಮ್ಮ ರೈಲು ನಿಂತಿದೆ, ಪಕ್ಕದ ಹಳಿಯ ಗಾಡಿ ಹೊರಟಿದೆ. ನಮ್ಮದೇ ಹೊರಟಿತೆಂದು ನಂಬಿ ಬ್ಯಾಗು ಹಿಡಿದುಕೊಳ್ಳುತ್ತೇವೆ. ಇದನ್ನು ಅನುಭವಿಸದವರು ಅಪರೂಪ.

ಚಿತ್ರದುರ್ಗದ ಕೋಟೆ ಹತ್ತಿದವರು ದೇವಸ್ಥಾನದೆದುರು ಎತ್ತರದ ಕಲ್ಲಿನ ಉಯ್ಯಾಲೆ ಕಂಬಗಳನ್ನು ನೋಡಿರುತ್ತಾರೆ. ಪಂಚಮಿಗೆ ಜೋಕಾಲಿ ಆಡಿದವರಿಗೆ ನಿಜವಾದ ಉಯ್ಯಾಲೆಯ ರುಚಿ ಗೊತ್ತು: ಹೊಟ್ಟೆಯಲ್ಲಿ ಜುಮ್ಮೆನ್ನುವುದು, ಕಿವಿಯಲ್ಲಿ ಗಾಳಿ. 1894ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಮೇಳವೊಂದರಲ್ಲಿ ಇದರ ತಲೆಕೆಳಗಾದ ಆಟವೊಂದಿತ್ತು. ಸಜ್ಜುಗೊಳಿಸಿದ ಕೋಣೆ, ಅದರ ನಡುವೆ ಅಡ್ಡದಿಮ್ಮಿಯಿಂದ ಇಳಿಬಿಟ್ಟ ದೊಡ್ಡ ತೂಗುಮಂಚ, ಮೇಲೆ ಕೂತ ಜನ. ಮೊದಲು ಒಂದೆರಡು ಸಲ ಮಂಚವನ್ನು ತಳ್ಳುತ್ತಿದ್ದರು. ಆಮೇಲೆ ಮಂಚ ತಟಸ್ಥ, ತೂಗುತ್ತಿದ್ದದ್ದು ಕೋಣೆ. ತೂಗಿ ತೂಗಿ ಕೊನೆಗೆ ಗೋಡೆ, ಚಾವಣಿ, ಮೇಜು, ಕುರ್ಚಿ ಸಮೇತ ಇಡೀ ಕೋಣೆ ಒಂದು ಸುತ್ತು ಹಾಕುತ್ತಿತ್ತು. ಕೂತವರು ತಾವೇ ತಲೆಕೆಳಗಾದೆವೆಂದು ಚೀರಿ ಮಂಚದ ಕೈ ಹಿಡಿಯುತ್ತಿದ್ದರು. ಇದನ್ನು ನೋಡಿದ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ 1895ರಲ್ಲಿ ಮನಶ್ಶಾಸ್ತ್ರದ ಪತ್ರಿಕೆಗೆ ಬರೆದ. (ಮುಂದೆ 1904ರಲ್ಲಿ ಫ್ರಾನ್ಸಿನ ಪ್ರಯೋಗಶಾಲೆಗೆ ಹೋಗಿ, ಅಲ್ಲಿನವರು ಕಂಡೆವೆನ್ನುತ್ತಿದ್ದ ‘ಎನ್ ಕಿರಣ’ ಇಲ್ಲವೇ ಇಲ್ಲ ಎಂದು ತೋರಿಸಿಕೊಟ್ಟವನೂ ಇವನೇ. ಕಣ್ಣು ನಂಬಿ ಕೆಡುವವರ ಬಗ್ಗೆ ಇವನಿಗೊಂದು ವಿಶೇಷ ಆಸ್ಥೆ ಇದ್ದಿರಬೇಕು.) ಈ ಭ್ರಮೆಯ ತಮಾಷೆ ಏನೆಂದರೆ ಗುಟ್ಟು ತಿಳಿದರೂ ಅದು ಬಿಡುವುದಿಲ್ಲ. ಕೋಣೆ ತಿರುಗುತ್ತಿದೆ ಎಂದು ಬುದ್ಧಿಗೆ ಗೊತ್ತು, ಆದರೂ ಕೈ ಮಂಚವನ್ನು ಬಿಗಿಹಿಡಿಯುತ್ತದೆ.

ಇಲ್ಲಿಯವರೆಗಿನದ್ದು ಅನ್ನಿಸಿಕೆಯ ಕಥೆ. ಅನ್ನಿಸುವುದು ಬೇರೆ, ಬೀಳುವುದು ಬೇರೆ. ದೃಶ್ಯದ ಚಲನೆ ನಿಂತವನ ಮೈಯನ್ನೇ ವಾಲಿಸುತ್ತದೆಂದು ಅಳೆದು ತೋರಿಸಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಲೀ ಮತ್ತು ಜೊತೆಗಾರರು. ಅವರು ನೆಲವಿಲ್ಲದ ಒಂದು ಕೋಣೆ ಕಟ್ಟಿದರು: ನಾಲ್ಕರಲ್ಲಿ ಮೂರು ಗೋಡೆ, ಒಂದು ಚಾವಣಿ, ಅಷ್ಟನ್ನೂ ಮೇಲಿನಿಂದ ತೂಗುಹಾಕಿದ್ದು. ಒಳಗೆ ನಿಂತವರ ಕಾಲು ಇರುವುದು ಕಟ್ಟಡದ ಗಟ್ಟಿ ನೆಲದ ಮೇಲೆಯೇ. ಎದುರಿನ ಗೋಡೆಯನ್ನು ಅವರತ್ತ ಸ್ವಲ್ಪ ಸರಿಸಿದರೆ, ತಾನು ಮುಂದಕ್ಕೆ ವಾಲಿದೆನೆಂದು ಕಣ್ಣು ಸುದ್ದಿ ಕೊಡುತ್ತದೆ. ಮೈ ಆ ಇಲ್ಲದ ವಾಲಿಕೆಯನ್ನು ತಿದ್ದಲು ಹಿಂದಕ್ಕೆ ಬಾಗುತ್ತದೆ.

1974ರಲ್ಲಿ ಲೀ ಮತ್ತು ಆರನ್‌ಸನ್ 13ರಿಂದ 16 ತಿಂಗಳ ಮಕ್ಕಳನ್ನು ಅಲ್ಲಿ ನಿಲ್ಲಿಸಿದರು. ಆಗಷ್ಟೇ ಕೈಬಿಟ್ಟು ನಿಲ್ಲಲು ಕಲಿತ ಮಕ್ಕಳು. ಗೋಡೆ ಸರಿದಾಗ ಆ ಮಕ್ಕಳು ಓಲಾಡಿದರು, ತತ್ತರಿಸಿದರು, ಹಲವರು ಕುಕ್ಕುರು ಬಿದ್ದರು. ಗೋಡೆ ಸರಿದ ದಿಕ್ಕಿಗೇ ಬಿದ್ದರು ಎಂಬುದು ಮುಖ್ಯ. ಹೆದರಿ ಬಿದ್ದಿದ್ದರೆ ದಿಕ್ಕು ಹೇಗಾದರೂ ಇರಬಹುದಿತ್ತು. ಮರುವರ್ಷ ಲೀ ಮತ್ತು ಲಿಶ್‌ಮನ್ ದೊಡ್ಡವರನ್ನು ನಿಲ್ಲಿಸಿ ನೋಡಿದರು. ಕೋಣೆ ಕೆಲವೇ ಮಿಲಿಮೀಟರು ತೂಗಿದರೂ ಅವರ ಮೈ ಅದರ ತಾಳಕ್ಕೆ ತೂಗಿತು, ಅವರಿಗೆ ಅದರ ಅರಿವೇ ಇರಲಿಲ್ಲ. ಕಾಲಿಗೆ ಆಸರೆ ಕಮ್ಮಿಯಾದ ನಿಲುವಿನಲ್ಲಿ ಪರಿಣಾಮ ಇನ್ನೂ ಹೆಚ್ಚು.

ಲೀ ಹಿಡಿದ ದಾರಿ ತೋರಿಸಿದವರು ಅಮೆರಿಕದ ಜೇಮ್ಸ್ ಗಿಬ್ಸನ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅವರು ವಾಯುಪಡೆಗೆ ಪೈಲಟ್‌ಗಳನ್ನು ಆರಿಸುವ ಪರೀಕ್ಷೆಗಳನ್ನು ರೂಪಿಸುತ್ತಿದ್ದರು. ವಿಮಾನ ಇಳಿಯುವಾಗ ಪೈಲಟ್‌ನ ಕಣ್ಣೆದುರು ಇಡೀ ನೆಲವೇ ಒಂದು ಬಿಂದುವಿನಿಂದ ಸುತ್ತಲೂ ಹರಡುತ್ತ ಹರಿಯುತ್ತದೆ. ಆ ಹರಿವಿನ ರೂಪದಲ್ಲೇ ತಾನೆಲ್ಲಿಗೆ, ಎಷ್ಟು ಬೇಗ ಹೋಗುತ್ತಿದ್ದೇನೆಂಬ ವರ್ತಮಾನವಿದೆ. 1950ರ ತಮ್ಮ ಪುಸ್ತಕದಲ್ಲಿ ಗಿಬ್ಸನ್ ಇದನ್ನು ವಿವರವಾಗಿ ಮಂಡಿಸಿದರು. ದೃಶ್ಯಪ್ರವಾಹ ಎಂದು ಇದನ್ನು ಕರೆಯಬಹುದು. ಹೊಲದ ಬದುವಿನ ಮೇಲೆ ನಡೆಯುವಾಗಲೂ ನಿಂತಲ್ಲೇ ಓಲಾಡುವಾಗಲೂ ಈ ಪ್ರವಾಹ ಇದ್ದೇ ಇರುತ್ತದೆ, ಪ್ರಮಾಣ ಬೇರೆ ಅಷ್ಟೆ.

ಒಳಗಿವಿ ಇರುವಾಗ ಕಣ್ಣಿಗೆ ಇಷ್ಟು ಅಧಿಕಾರ ಯಾಕೆ? ಉತ್ತರ ಒಳಗಿವಿಯ ರಚನೆಯಲ್ಲಿದೆ. ಅರ್ಧವೃತ್ತ ನಾಳಗಳೊಳಗಿನ ದ್ರವ ವೇಗ ಬದಲಾದಾಗ ಮಾತ್ರ ಸುದ್ದಿ ಕೊಡುತ್ತದೆ. ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ಅರ್ಧ ನಿಮಿಷದೊಳಗೆ ಅದು ಹೆಚ್ಚುಕಡಿಮೆ ಮೌನ. ಹಾಗಾಗಿ ನಿಧಾನದ, ಏಕಸಮನಾದ ಚಲನೆಯನ್ನು ಹೇಳಲು ಉಳಿಯುವವನು ಕಣ್ಣೊಂದೇ. ರೈಲು ಸದ್ದಿಲ್ಲದೆ ಹೊರಡುವ ಕ್ಷಣಕ್ಕೂ ನಿಂತೇ ಇರುವ ಕ್ಷಣಕ್ಕೂ ಒಳಗಿವಿಯ ಲೆಕ್ಕದಲ್ಲಿ ವ್ಯತ್ಯಾಸ ಬಹಳ ಸಣ್ಣದು; ಆದ್ದರಿಂದ ಕಣ್ಣು ಹೇಳಿದ್ದಕ್ಕೆ ಎದುರಾಡುವವರಿಲ್ಲ. ಇದಕ್ಕೆ ಇನ್ನೂ ಒಂದು ಬೆಂಬಲ ಸಿಕ್ಕಿತು: ಒಳಗಿವಿಯ ಸುದ್ದಿ ಮೊದಲು ತಲುಪುವ ಮಿದುಳುಕಾಂಡದ ನರಕೋಶಗಳು, ಪ್ರಾಣಿಯನ್ನು ಅಲ್ಲಾಡಿಸದೆ ಬರೀ ದೃಶ್ಯವನ್ನು ತಿರುಗಿಸಿದರೂ ಮಿಡಿಯುತ್ತವೆ ಎಂದು 1970ರ ದಶಕದ ಪ್ರಯೋಗಗಳು ತೋರಿಸಿದವು. ಕಣ್ಣಿನ ಸಾಕ್ಷಿ, ಕಿವಿಯ ಸಾಕ್ಷಿ ಎಂದು ನಾವು ಬೇರೆ ಮಾಡಿ ಹೇಳುವುದು ವಿವರಣೆಯ ಅನುಕೂಲಕ್ಕೆ. ಒಳಗೆ ಅವೆರಡೂ ಬಹಳ ಬೇಗ ಬೆರೆತುಹೋಗುತ್ತವೆ. ಜರ್ಮನಿಯ ಥಾಮಸ್ ಬ್ರಾಂಟ್ ಮತ್ತು ಸಂಗಡಿಗರು 1998ರಲ್ಲಿ ಮಿದುಳಿನ ಚಿತ್ರ ತೆಗೆದು ನೋಡಿದಾಗ ಕಂಡದ್ದು ಇನ್ನೊಂದು ಸೋಜಿಗ. ಚಲನಭ್ರಮೆ ಹಿಡಿದಾಗ ನೋಟದ ಭಾಗ ಚುರುಕಾಗುತ್ತದೆ, ಒಳಗಿವಿಗೆ ಸಂಬಂಧಿಸಿದ ಭಾಗ ಮಂಕಾಗುತ್ತದೆ.

ಹಾಗೆಂದು ಕಣ್ಣೆದುರು ಅಲ್ಲಾಡಿದ್ದೆಲ್ಲ ಮೈಯನ್ನು ಅಲ್ಲಾಡಿಸುವುದಿಲ್ಲ. ಹಾಗಿದ್ದಿದ್ದರೆ ಹಾರುವ ಕಾಗೆ ನೋಡಿದವರೆಲ್ಲ ಬೀಳಬೇಕಾಗಿತ್ತು. 1970ರ ದಶಕದಲ್ಲಿ ಬ್ರಾಂಟ್ ಮತ್ತು ಡಿಖ್‌ಗಾನ್ಸ್ ಪಟ್ಟೆ ಬಳಿದ ದೊಡ್ಡ ಪೀಪಾಯಿಯೊಳಗೆ ಜನರನ್ನು ಕೂರಿಸಿ ಅದನ್ನು ತಿರುಗಿಸಿದರು. ನೋಟದ ನಡುವಿನ ಪುಟ್ಟ ಭಾಗಕ್ಕಿಂತ ಅಂಚಿನ ಅಗಲ ಭಾಗದಲ್ಲಿ ಚಲನೆ ಇದ್ದಾಗ ಭ್ರಮೆ ಬಲವಾಯಿತು. ಓದಲು, ಮುಖ ಗುರುತಿಸಲು ನಡುಗಣ್ಣು; ನಿಲ್ಲಲು, ನಡೆಯಲು ಕಡೆಗಣ್ಣು ಎಂಬ ಸುಲಭದ ಸೂತ್ರ ಅಲ್ಲಿಂದ ಹುಟ್ಟಿ ಪಠ್ಯಪುಸ್ತಕಗಳಿಗೂ ಹೋಯಿತು. ಸೂತ್ರ ಅಷ್ಟು ಸರಳವಲ್ಲ. 1985ರಲ್ಲಿ ಆಂಡರ್ಸನ್ ಮತ್ತು ಬ್ರೌನ್‌ಸ್ಟೈನ್ ನಡುನೋಟದ ಚಿಕ್ಕ ಜಾಗದಲ್ಲೇ ಆಳವುಳ್ಳ ಚಿತ್ರವನ್ನು ಚಲಿಸಿ ಭ್ರಮೆ ಹುಟ್ಟಿಸಿದರು. ಹೆಚ್ಚು ಗಟ್ಟಿಯಾಗಿ ನಿಂತ ತತ್ವ ಬೇರೊಂದು: ದೃಶ್ಯದಲ್ಲಿ ಯಾವುದು ಹಿಂದೆ ಇದೆಯೋ ಅದು ಲೋಕ, ಯಾವುದು ಮುಂದೆ ಇದೆಯೋ ಅದು ವಸ್ತು. ಲೋಕ ಚಲಿಸಿದರೆ ನಾವು ಚಲಿಸಿದೆವು ಅಂದುಕೊಳ್ಳುತ್ತೇವೆ, ವಸ್ತು ಚಲಿಸಿದರೆ ವಸ್ತುವೇ ಚಲಿಸಿತು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ದೂರದಲ್ಲಿ ನಿಂತು ತೇರು ಬರುವುದನ್ನು ನೋಡುವವರಿಗೆ ಏನೂ ಆಗುವುದಿಲ್ಲ. ತೇರಿನ ಹಿಂದೆ ಮನೆ, ಮರ, ಬಾನು ಎಲ್ಲವೂ ನಿಶ್ಚಲ. ಜನರ ಒತ್ತಡದಲ್ಲಿ ಗಾಲಿಯ ಹತ್ತಿರಕ್ಕೇ ತಳ್ಳಲ್ಪಟ್ಟವನ ಕಣ್ತುಂಬ ತೇರೇ. ಹಿನ್ನೆಲೆ ಉಳಿದಿಲ್ಲ, ಬಣ್ಣದ ಬಟ್ಟೆಯೇ ಲೋಕವಾಗಿದೆ. ಅದು ಕದಲಿದಾಗ ತಾನೇ ಹಿಂದಕ್ಕೆ ಜಾರಿದಂತಾಗಿ ಅವನು ಪಕ್ಕದವನ ಹೆಗಲು ಹಿಡಿಯುತ್ತಾನೆ. ನೂಕುನುಗ್ಗಲಿನಲ್ಲಿ ಬೀಳುವುದಕ್ಕೆ ನೂಕೇ ಮುಖ್ಯ ಕಾರಣ, ಸಂಶಯವಿಲ್ಲ. ಆದರೆ ಮೈ ಆಗಲೇ ತಪ್ಪು ದಿಕ್ಕಿಗೆ ವಾಲಿದ್ದರೆ ಸಣ್ಣ ನೂಕೂ ಸಾಕಾಗುತ್ತದೆ.

ಇದಕ್ಕೆ ವಿರುದ್ಧವಾದ ಪ್ರಕರಣ ಚಿತ್ರದುರ್ಗದ ಗುಡ್ಡಗಳ ಮೇಲೆ ದಿನವೂ ನಡೆಯುತ್ತದೆ. ಆಷಾಢದಲ್ಲಿ ಗಾಳಿಯಂತ್ರದ ಬುಡಕ್ಕೆ ಹೋಗಿ ತಲೆಯೆತ್ತಿ ನೋಡಿ. ಹಿಂದೆ ಮೋಡ ಓಡುತ್ತಿರುತ್ತದೆ, ಕಂಬ ನಮ್ಮ ಮೇಲೇ ಬೀಳುತ್ತಿರುವಂತೆ ಕಾಣುತ್ತದೆ. ಸುತ್ತಲಿನ ದೊಡ್ಡ ಚೌಕಟ್ಟು ಸರಿದರೆ ಒಳಗಿನ ನಿಂತ ವಸ್ತುವೇ ಸರಿದಂತೆ ಕಾಣುತ್ತದೆಂದು ಜರ್ಮನಿಯ ಕಾರ್ಲ್ ಡುಂಕರ್ 1929ರಲ್ಲೇ ಬರೆದಿದ್ದರು. ಜೊತೆಗೆ ಇನ್ನೊಂದು ಪೆಟ್ಟು: ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿದಾಗ ಒಳಗಿವಿಯ ಹರಳುಗಳು ತಾವು ಚೆನ್ನಾಗಿ ಕೆಲಸ ಮಾಡುವ ಕೋನದಿಂದ ಆಚೆ ಹೋಗುತ್ತವೆ. ಒಂದು ಸಾಕ್ಷಿ ಸುಳ್ಳು ಹೇಳುತ್ತಿದೆ, ಇನ್ನೊಂದು ತೊದಲುತ್ತಿದೆ. ಅಟ್ಟದ ಮೇಲಿನ ಡಬ್ಬ ತೆಗೆಯಲು ಕುರ್ಚಿ ಹತ್ತಿ ಕತ್ತೆತ್ತುವ ಹೆಂಗಸರು ಬೀಳುವುದರಲ್ಲಿ ಈ ಎರಡನೆಯದರ ಪಾಲು ಇದೆ.

ಇನ್ನು ಎತ್ತರ. ಕೋಟೆಯ ಬಂಡೆಯ ಮೇಲೆ, ಸುತ್ತ ಏನೂ ಇಲ್ಲದ ತುದಿಯಲ್ಲಿ ನಿಂತಾಗ ಕಾಲು ನಡುಗುವುದನ್ನು ಜನ ಪುಕ್ಕಲುತನ ಎನ್ನುತ್ತಾರೆ. ಬ್ರಾಂಟ್, ಬ್ಲೆಸ್ ಮೊದಲಾದವರು 1980ರಲ್ಲಿ ಪ್ರಕಟಿಸಿದ ವಿವರಣೆ ಆ ಮಾತನ್ನು ಅರ್ಧ ಸುಳ್ಳಾಗಿಸಿತು. ಲೆಕ್ಕ ಹಾಕಿ ನೋಡಿ: ತಲೆ 2 ಸೆಂಟಿಮೀಟರ್ ಓಲಿದರೆ, 1 ಮೀಟರ್ ದೂರದ ಗೋಡೆ ಕಣ್ಣಿನಲ್ಲಿ ಸುಮಾರು 1 ಡಿಗ್ರಿಯಷ್ಟು ಸರಿಯುತ್ತದೆ, ಕಣ್ಣು ತಕ್ಷಣ ಹಿಡಿಯುತ್ತದೆ, ಮೈ ತಿದ್ದಿಕೊಳ್ಳುತ್ತದೆ. ಹತ್ತಿರದ ವಸ್ತುವೇ 20 ಮೀಟರ್ ಆಚೆ ಇದ್ದರೆ ಅದೇ ಓಲಾಟಕ್ಕೆ ಆಗುವ ಸರಿತ ಇಪ್ಪತ್ತನೇ ಒಂದು ಪಾಲು. ಕಣ್ಣಿಗೆ ಸುದ್ದಿ ಸಿಗಬೇಕಾದರೆ ಮೈ ಇನ್ನೂ ಹೆಚ್ಚು ಓಲಬೇಕು, ಹೆಚ್ಚು ಓಲಿದರೆ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ. ಇಲ್ಲಿ ದೃಶ್ಯದ ಚಲನೆ ತೊಂದರೆ ಕೊಡುವುದಿಲ್ಲ, ಅದರ ಅಭಾವ ಕೊಡುತ್ತದೆ. ಹತ್ತಿರದಲ್ಲಿ ಒಂದು ಕಂಬ, ಒಂದು ಬುರುಜು, ಜೊತೆಗಾರನ ಭುಜ ಕಡೆಗಣ್ಣಿಗೆ ಬಿದ್ದರೂ ಸಾಕು, ನಡುಕ ತಗ್ಗುತ್ತದೆ. ಕೂತರೆ ಇನ್ನೂ ಒಳ್ಳೆಯದು.

ಇದೇ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಹತ್ತಿ ಹೆಸರಾದ ಜ್ಯೋತಿರಾಜ್, ಜನ ಕರೆಯುವ ಕೋತಿರಾಜ, ಹತ್ತುವುದನ್ನು ನೋಡಿ ಕೆಳಗೆ ನಿಂತವರ ಕೈ ಬೆವರುತ್ತದೆ. ಅವರ ಧೈರ್ಯ, ಬೆರಳಿನ ಬಲ, ವರ್ಷಗಳ ರೂಢಿಯನ್ನು ಬದಿಗಿಟ್ಟು ಬರೀ ನೋಟದ ಲೆಕ್ಕ ಹಾಕಿದರೆ, ಹತ್ತುವವನ ಕಣ್ಣೆದುರು ಬಂಡೆ ಮೊಳದೂರದಲ್ಲಿದೆ. ತುದಿಯಲ್ಲಿ ಸೆಲ್ಫಿಗೆ ನಿಂತ ಪ್ರವಾಸಿಗನಿಗೆ ಆ ಅನುಕೂಲವಿಲ್ಲ; ಅವನ ಕಣ್ಣು ಫೋನಿನ ಪರದೆಯ ಮೇಲೆ, ಪರದೆ ಅವನ ಕೈಯ ಜೊತೆಗೇ ಓಲಾಡುತ್ತಿದೆ. ಹಗ್ಗದ ಮೇಲೆ ನಡೆಯುವ ಡೊಂಬರ ಹುಡುಗಿ ಅತ್ತಿತ್ತ ನೋಡದೆ ಎದುರಿನ ಗೂಟದ ಕಡೆ ನೋಟ ನೆಡುವುದನ್ನು ಯಾವ ಪ್ರಯೋಗಶಾಲೆಯೂ ಅವಳಿಗೆ ಹೇಳಿಕೊಟ್ಟಿಲ್ಲ.

ತುರುವನೂರಿನ ಹೆಸರು ನಾಡಿಗೆ ಗೊತ್ತಿರುವುದು 1939ರ ಈಚಲು ಮರದ ಸತ್ಯಾಗ್ರಹದಿಂದ. ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಸೇಂದಿ ಇಳಿಸುವ ಮರಗಳಿಗೆ ಕೊಡಲಿ ಹಾಕಿದ ಊರು ಇದು. ಕುಡಿತವೂ ನಮ್ಮ ವಿಷಯದೊಳಗೇ ಬರುತ್ತದೆ. ಕುಡಿದವನು ತೂರಾಡುವುದು ಕಿರುಮಿದುಳು ಮಂದವಾಗುವುದರಿಂದ. ಅದು ಎಲ್ಲರಿಗೂ ಗೊತ್ತಿರುವ ಭಾಗ. ಮಲಗಿ ಕಣ್ಣು ಮುಚ್ಚಿದೊಡನೆ ಮನೆ ಗಿರ್ರನೆ ತಿರುಗುವುದಕ್ಕೆ ಕಾರಣ ಬೇರೆ. ಅರ್ಧವೃತ್ತ ನಾಳದೊಳಗೆ ಚಲನೆ ಹಿಡಿಯುವ ಮೆತ್ತನೆಯ ಪರದೆಯೊಂದಿದೆ. ಮದ್ಯ ನೀರಿಗಿಂತ ಹಗುರ. ರಕ್ತದಿಂದ ಅದು ಮೊದಲು ಈ ಪರದೆಗೆ ಸೇರುತ್ತದೆ, ಸುತ್ತಲಿನ ದ್ರವಕ್ಕೆ ತಡವಾಗಿ. ಅಷ್ಟು ಹೊತ್ತು ಪರದೆ ಹಗುರಾಗಿ ತೇಲಿ, ಮಲಗಿದವನಿಗೆ ತಿರುಗುತ್ತಿದ್ದೇನೆ ಎಂಬ ಸುಳ್ಳು ಸುದ್ದಿ ಕಳಿಸುತ್ತದೆ. ಕಣ್ಣು ತೆರೆದು ಜಂತಿಯನ್ನು ನೋಡಿದರೆ ಸುತ್ತು ತಗ್ಗುತ್ತದೆ. ಮೋಸಹೋಗುವವನೆಂದು ನಾವು ಇಷ್ಟು ಹೊತ್ತು ದೂರಿದ ಕಣ್ಣೇ ಇಲ್ಲಿ ನಿಜ ನುಡಿಯುವ ಸಾಕ್ಷಿ.

ಸಾಕ್ಷಿಗಳ ತೂಕ ಹೀಗೆ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ ಎಂಬುದು ಇತ್ತೀಚಿನ ಸಂಶೋಧನೆಯ ಮುಖ್ಯ ನಿಲುವು. ಗಟ್ಟಿ ನೆಲ, ಒಳ್ಳೆಯ ಬೆಳಕು, ಆರೋಗ್ಯವಂತ ಮನುಷ್ಯ ಇದ್ದಾಗ ಪಾದದ ಪಾಲು 70%, ಒಳಗಿವಿಯದು 20%, ಕಣ್ಣಿನದು 10% ಎಂಬ ಅಂಕಿಗಳು ಪಠ್ಯಗಳಲ್ಲಿ ಬಹಳ ಓಡಾಡುತ್ತವೆ. ಅವನ್ನು ಓದಿ ಕಣ್ಣು ಅಷ್ಟೇನೂ ಮುಖ್ಯವಲ್ಲ ಎಂದುಕೊಂಡರೆ ದಾರಿ ತಪ್ಪಿದಂತೆ. ಈ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ಬುಡಮೇಲು. ಮಳೆ ಬಿದ್ದ ಎರೆಹೊಲದಲ್ಲಿ ಅಂಗಾಲಿಗೆ ದಪ್ಪನೆಯ ಮಣ್ಣು ಮೆತ್ತಿಕೊಂಡು ನಡೆಯುವವನ ಪಾದಕ್ಕೆ ನೆಲದ ಸುದ್ದಿ ಸಿಗುವುದಾದರೂ ಹೇಗೆ? ಅಲ್ಲಿ ಅವನು ನಡೆಯುವುದು ಕಣ್ಣು, ಕಿವಿಗಳ ಬಲದಿಂದ. ಆರೋಗ್ಯವಂತ ಮಿದುಳಿನ ಜಾಣತನವೂ ಇದರಲ್ಲೇ ಕಾಣುತ್ತದೆ. ಅಲ್ಲಾಡುವ ಕೋಣೆಯಲ್ಲಿ ಮೊದಲ ಸಲ ಜೋರಾಗಿ ಓಲುವವರು ಎರಡನೆಯ ಸಲಕ್ಕೇ ಕಡಿಮೆ ಓಲುತ್ತಾರೆ. ಈ ಸಾಕ್ಷಿ ನಂಬಲರ್ಹವಲ್ಲ ಎಂದು ಒಳಗೆಲ್ಲೋ ತೀರ್ಮಾನವಾಗಿರುತ್ತದೆ. ಲಂಡನ್ನಿನ ಅಡಾಲ್ಫೊ ಬ್ರಾನ್‌ಸ್ಟೈನ್ ಮತ್ತು ಸಂಗಡಿಗರು 1990ರಲ್ಲಿ ವರದಿ ಮಾಡಿದಂತೆ ಪಾರ್ಕಿನ್ಸನ್ ಕಾಯಿಲೆಯವರಿಗೆ ಈ ತೀರ್ಮಾನ ಸಾಧ್ಯವಾಗುವುದಿಲ್ಲ, ಪ್ರತಿ ಸಲವೂ ಅವರು ಅಷ್ಟೇ ಓಲುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಪಾರ್ಕಿನ್ಸನ್ ರೋಗಿಗಳ ಸಮತೋಲವನ್ನು ಅಲುಗುವ ಹಲಗೆಯ ಯಂತ್ರದ ಮೇಲೆ ಅಳೆದಿದ್ದಾರೆ. ವೈದ್ಯರು ಕೈಯಿಂದ ಎಳೆದು ನೋಡುವ ಪರೀಕ್ಷೆಯಲ್ಲಿ ಸರಿಯಿದ್ದವರಲ್ಲೂ ದೋಷ ಕಂಡುಬಂದಿತ್ತು.

ಈ ಹಾದಿಯ ಮೊದಲ ವೈದ್ಯರಲ್ಲೊಬ್ಬ ಬರ್ಲಿನ್ನಿನ ಮೊರಿಟ್ಜ್ ರಾಂಬರ್ಗ್. 1840ರ ದಶಕದಲ್ಲಿ, ಬೆನ್ನುಹುರಿಯ ಹಿಂಭಾಗ ಕೆಟ್ಟು ಕಾಲಿನ ಅರಿವು ಕಳೆದುಕೊಂಡ ರೋಗಿಗಳನ್ನು ಅವನು ವರ್ಣಿಸಿದ. ಪಾದ ಜೋಡಿಸಿ ನಿಂತು ಕಣ್ಣು ಮುಚ್ಚಿದರೆ ಅವರು ಓಲಾಡಿ ಬೀಳುತ್ತಿದ್ದರು. ಮುಖ ತೊಳೆಯಲು ಕಣ್ಣು ಮುಚ್ಚಿದಾಗ ಮುಗ್ಗರಿಸುವುದೂ ಈ ಕಾಯಿಲೆಯ ಗುರುತಾಗಿತ್ತು. ಆ ರೋಗಕ್ಕೆ ಕಾರಣ ಸಿಫಿಲಿಸ್, ಈಗ ಅಪರೂಪ. ಆದರೆ ಅದರ ಜಾಗದಲ್ಲಿ ಸಕ್ಕರೆ ಕಾಯಿಲೆ ಬಂದು ಕೂತಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ. ಅವರಲ್ಲಿ ಹಲವರ ಅಂಗಾಲು ಮೆಲ್ಲಗೆ ಜೋಮು ಹಿಡಿಯುತ್ತದೆ, ಚಪ್ಪಲಿ ಜಾರಿಹೋದದ್ದೂ ತಿಳಿಯದಷ್ಟು. ಪಾದದ ಸಾಕ್ಷಿ ಇಲ್ಲವಾದ ಮೇಲೆ ಅವರು ಹಗಲೆಲ್ಲ ಕಣ್ಣಿನ ಆಸರೆಯಲ್ಲಿ ನಿಲ್ಲುತ್ತಾರೆ, ಗೊತ್ತಾಗುವುದೇ ಇಲ್ಲ. ಬಚ್ಚಲುಮನೆಯಲ್ಲಿ ತಲೆಗೆ ಸೀಗೆಪುಡಿಯೋ ಸೋಪೋ ಹಚ್ಚಿಕೊಂಡು ಕಣ್ಣು ಮುಚ್ಚಿದ ಗಳಿಗೆಯಲ್ಲಿ ಆ ಆಸರೆಯೂ ಹೋಗುತ್ತದೆ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರ ಬಗ್ಗೆ ಮನೆಮಂದಿ ‘ಪಾಚಿಗೆ ಜಾರಿತು’ ಎನ್ನುತ್ತಾರೆ. ಪಾಚಿ ಇರಬಹುದು. ಮುಚ್ಚಿದ ಕಣ್ಣನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರಾಂಬರ್ಗನ ಪರೀಕ್ಷೆಗೆ ಯಂತ್ರ ಬೇಡ, ಖರ್ಚಿಲ್ಲ, ಒಂದು ನಿಮಿಷ ಸಾಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುವಷ್ಟೇ ಹೊತ್ತು. ತಲೆಸುತ್ತು ಎಂದು ಬಂದವರನ್ನು ಪಿತ್ತ, ಬಿಪಿ, ನಿಶ್ಶಕ್ತಿ ಎಂಬ ಮೂರು ಹೆಸರುಗಳೊಳಗೆ ಕೂಡಿಹಾಕುವ ನಮ್ಮ ರೂಢಿಗೆ ಇದೊಂದು ಒಳ್ಳೆಯ ಮದ್ದು. ಯಾಕೆಂದರೆ ತಲೆಸುತ್ತಿನಲ್ಲೂ ನೋಟಕ್ಕೆ ಅಂಟಿಕೊಂಡ ಬಗೆಯೊಂದಿದೆ. ಒಮ್ಮೆ ಒಳಗಿವಿಯ ತೊಂದರೆ ಬಂದು ಹೋದವರಲ್ಲಿ ಕೆಲವರು ಆಮೇಲೆ ಕಣ್ಣನ್ನೇ ಅತಿಯಾಗಿ ನಂಬುವುದನ್ನು ರೂಢಿಸಿಕೊಂಡುಬಿಡುತ್ತಾರೆ. ಸಂತೆಯ ಜನಜಂಗುಳಿ, ಮಾಲ್‌ನ ಸಾಲು ಸಾಲು ಕಪಾಟು, ಫೋನಿನಲ್ಲಿ ಸರಸರ ಸರಿಯುವ ರೀಲು, ಯಾವುದು ಕಂಡರೂ ಅವರಿಗೆ ನೆಲ ತೂಗಿದಂತಾಗುತ್ತದೆ. ಇಂಥ ಲಕ್ಷಣಗಳನ್ನು ಒಳಗೊಂಡ, ತಿಂಗಳುಗಟ್ಟಲೆ ಉಳಿಯುವ ಕಾಯಿಲೆಯೊಂದಕ್ಕೆ ಬಾರಾನಿ ಸೊಸೈಟಿ ಎಂಬ ತಜ್ಞರ ಸಂಘ 2017ರಲ್ಲಿ ಲಕ್ಷಣಪಟ್ಟಿ ಗೊತ್ತುಮಾಡಿತು. ಅದಕ್ಕೆ ಚಿಕಿತ್ಸೆಯೂ ಚಲಿಸುವ ದೃಶ್ಯವೇ: ಸ್ವಲ್ಪ ಸ್ವಲ್ಪವಾಗಿ, ದಿನದಿನಕ್ಕೆ ಹೆಚ್ಚಿಸುತ್ತ ತೋರಿಸಿ, ನೋಟದ ಮೇಲಿನ ಅತಿನಂಬಿಕೆಯನ್ನು ಇಳಿಸುವುದು. ಮಾತ್ರೆ ನುಂಗಿ ಕತ್ತಲ ಕೋಣೆಯಲ್ಲಿ ಮಲಗುವುದು ಇದಕ್ಕೆ ತದ್ವಿರುದ್ಧ.

ಬಸ್ಸಿನ ವಾಂತಿಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ ಮುಗಿಸುತ್ತೇನೆ. ಒಳಗಿವಿ ಚಲನೆ ಹೇಳುತ್ತದೆ, ಫೋನಿನ ಮೇಲಿನ ಕಣ್ಣು ನಿಶ್ಚಲ ಎನ್ನುತ್ತದೆ. ಈ ಜಗಳವೇ ಓಕರಿಕೆಗೆ ಮೂಲ ಎಂಬುದು 1975ರಲ್ಲಿ ರೀಸನ್ ಮತ್ತು ಬ್ರ್ಯಾಂಡ್ ವಿಸ್ತರಿಸಿದ ವಾದ. ಮೈ ನಿಲುವು ತಪ್ಪುವುದೇ ಮೊದಲು, ಓಕರಿಕೆ ಆಮೇಲೆ ಎಂಬುದು 1991ರ ರಿಚ್ಚಿಯೊ ಮತ್ತು ಸ್ಟೋಫ್ರೆಗನ್ ವಾದ. ಜಗಳ ತೀರಿಲ್ಲ. ಡ್ರೈವರಿಗೆ ವಾಂತಿ ಬರುವುದಿಲ್ಲ ಎಂಬುದನ್ನು ಇಬ್ಬರೂ ತಂತಮ್ಮ ಪರವಾಗಿ ಬಳಸಿಕೊಳ್ಳುತ್ತಾರೆ. ಇದರ ಉಗ್ರ ರೂಪ ಆಕಾಶದಲ್ಲಿದೆ. ಮೋಡದ ಓರೆ ಅಂಚನ್ನು ದಿಗಂತವೆಂದು ಬಗೆದ ಪೈಲಟ್ ವಿಮಾನವನ್ನು ಅದಕ್ಕೆ ಸರಿಯಾಗಿ ವಾಲಿಸುತ್ತಾನೆ, ಒಂದೇ ಸಮ ತಿರುಗುತ್ತಿದ್ದರೆ ಒಳಗಿವಿ ಎಚ್ಚರಿಸುವುದಿಲ್ಲ. 1957ರಿಂದ ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳಿಗೆ ಇಂಥ ಭ್ರಮೆಗಳನ್ನು ನೆಲದ ಮೇಲೆಯೇ ಅನುಭವಿಸಲು ಬಿಟ್ಟು, ಮೈಯನ್ನಲ್ಲ ಮಾಪಕವನ್ನು ನಂಬಲು ಕಲಿಸುತ್ತಾರೆ.

ಹಳ್ಳಿಯ ಮುದುಕರಿಗೆ ಮಾಪಕವಿಲ್ಲ, ಗೋಡೆ ಇದೆ. ಜೆಕಾ ಮತ್ತು ಲ್ಯಾಕ್ನರ್ 1994ರಲ್ಲಿ ತೋರಿಸಿದ ಸಂಗತಿ ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಅತ್ಯಂತ ಉಪಯುಕ್ತ ಶೋಧ. ಬೆರಳತುದಿಯನ್ನು ಸ್ಥಿರವಾದ ವಸ್ತುವಿಗೆ ಸುಮ್ಮನೆ ತಾಗಿಸಿದರೆ ಸಾಕು, 100 ಗ್ರಾಂ ಭಾರದಷ್ಟೂ ಒತ್ತಬೇಕಿಲ್ಲ, ಓಲಾಟ ಗಣನೀಯವಾಗಿ ಇಳಿಯುತ್ತದೆ. ಅಷ್ಟು ಹಗುರ ತಾಗುವಿಕೆ ಮೈಯನ್ನು ಎತ್ತಿ ಹಿಡಿಯಲಾರದು. ಅದು ಕೊಡುವುದು ಸುದ್ದಿ ಮಾತ್ರ. ನಡುಮನೆಯಿಂದ ಹಿತ್ತಿಲಿಗೆ ಗೋಡೆ ಸವರುತ್ತ ಹೋಗುವ ಅಜ್ಜಿ, ಮೊಮ್ಮಗಳ ಹೆಗಲ ಮೇಲೆ ಬರೀ ಬೆರಳಿಟ್ಟು ನಡೆಯುವ ಅಜ್ಜ ಹೊಸ ಸಾಕ್ಷಿಯೊಬ್ಬನನ್ನು ಕರೆತಂದಿದ್ದಾರೆ. ‘ಗೋಡೆ ಮುಟ್ಟಬೇಡ, ಬಣ್ಣ ಕೊಳೆಯಾಗುತ್ತೆ’ ಎಂದು ಗದರುವ ಸೊಸೆಯಂದಿರು ಇದನ್ನು ಓದಬೇಕು.

ಉಳಿದದ್ದು ಕಣ್ಣು. ಬೀಳುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪೊರೆ ಬಂದ ಕಣ್ಣಿಗೆ ದೃಶ್ಯಪ್ರವಾಹವೂ ಮಸುಕು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ ಹೆಂಗಸರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಕಣ್ಣಿನ ಪೊರೆ ಬೇಗ ತೆಗೆಸಿಕೊಂಡವರು ಬೀಳುವ ಪ್ರಮಾಣ, ಕಾಯುತ್ತಿದ್ದವರಿಗಿಂತ 34% ಕಡಿಮೆಯಾಗಿತ್ತು. ‘ಇನ್ನೂ ಪೊರೆ ಬಲಿತಿಲ್ಲ, ಬರುವ ವರ್ಷ ನೋಡೋಣ’ ಎಂದು ಮುಂದೂಡುವ ಮನೆಗಳಲ್ಲಿ ಈ ಅಂಕಿಯನ್ನು ಹೇಳಬೇಕು. ಸೊಂಟದ ಮೂಳೆ ಅಷ್ಟು ದಿನ ಕಾಯುವುದಿಲ್ಲ.

ಕನ್ನಡಕದ ವಿಷಯ ಇಷ್ಟು ನೇರವಿಲ್ಲ. ಮೇಲೆ ದೂರದ, ಕೆಳಗೆ ಓದುವ ಗಾಜಿರುವ ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿಯುವವರು ಪಾದದ ಮುಂದಿನ ನೆಲವನ್ನು ಓದುವ ಗಾಜಿನ ಮೂಲಕ ನೋಡುತ್ತಾರೆ. ನೆಲ ಮಸುಕು, ಹೆಜ್ಜೆ ಹಾಕಿದಾಗ ಅದು ಸರಿಯುವ ರೀತಿಯೂ ತಪ್ಪು. ಆಸ್ಟ್ರೇಲಿಯಾದಲ್ಲಿ ಇಂಥ ಕನ್ನಡಕದ ಸುಮಾರು 600 ಹಿರಿಯರಲ್ಲಿ ಅರ್ಧ ಜನಕ್ಕೆ, ಹೊರಗೆ ಹೋಗುವಾಗ ಹಾಕಿಕೊಳ್ಳಲು ಬರೀ ದೂರದ ಕನ್ನಡಕವೊಂದನ್ನು ಬೇರೆಯಾಗಿ ಕೊಟ್ಟು ನೋಡಿದರು. ಫಲಿತಾಂಶ 2010ರಲ್ಲಿ ಬಂತು. ಹೊರಗೆ ಹೆಚ್ಚು ಓಡಾಡುವವರಲ್ಲಿ ಬೀಳುವುದು ಚೆನ್ನಾಗಿ ಇಳಿಯಿತು. ಮನೆಯಲ್ಲೇ ಇರುವವರು ಅಪರೂಪಕ್ಕೆ ಹೊರಬಂದಾಗ ಬೀಳುವುದು ಹೆಚ್ಚಾಯಿತು, ಹಳೆಯ ಗಾಜಿನ ರೂಢಿ ತಪ್ಪಿದ್ದರಿಂದ ಇರಬಹುದು. ಹಾಗಾಗಿ ದಿನವೂ ಹೊಲಕ್ಕೆ, ಡೈರಿಗೆ ಹೋಗುವ ರೈತನಿಗೆ ಎರಡನೆಯ ಕನ್ನಡಕ ಕೊಡಿಸುವುದು ಸರಿ. ಜಗಲಿ ಬಿಟ್ಟು ಇಳಿಯದ ಅವನ ತಾಯಿಗೆ ರೂಢಿಯಾದದ್ದನ್ನು ಬದಲಿಸದಿರುವುದೇ ಲೇಸು. ಶಾಲೆಯ ಕೊಠಡಿಯಲ್ಲಿ ನಡೆಯುವ ಕಣ್ಣಿನ ಶಿಬಿರದಲ್ಲಿ ಗೋಡೆಯ ಅಕ್ಷರ ಓದಿಸಿ ನಂಬರು ಬರೆದು ಕಳಿಸುತ್ತಾರೆ. ನೀವು ದಿನಕ್ಕೆ ಎಷ್ಟು ನಡೆಯುತ್ತೀರಿ, ಎಲ್ಲಿ ನಡೆಯುತ್ತೀರಿ ಎಂಬ ಎರಡು ಪ್ರಶ್ನೆಗಳನ್ನು ಆ ಚೀಟಿಯಲ್ಲೇ ಸೇರಿಸಬಹುದು.